ತೀರಿಸಬೇಕಾದ ಏಟು

ಬಂಗಾರಪೇಟೆಯಲ್ಲಿ ರೈಲು ಹತ್ತಿದ ಕೂಡಲೇ ಡಾಕ್ಟರ್ ಕೋದಂಡಪ್ಪ ಎಡಗೆನ್ನೆಯನ್ನು ಕಿಟಕಿಯ ಕಡೆ ಮಾಡಿಕೊಂಡು ಕುಳಿತ. ಕೆನ್ನೆಯ ಮೇಲೆ ಏನೂ ಇರಲಿಲ್ಲ. ಬೆಳಿಗ್ಗೆ ಕ್ಷೌರ ಮಾಡಿಕೊಳ್ಳುವಾಗ ಕನ್ನಡಿಯನ್ನು ಬಾಗಿಲ ಬೆಳಕಿಗೆ ಹಿಡಿದು, ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡಿದ್ದ. ಬೆರಳಿನ ಗುರುತಾಗಲೀ ಊತವಾಗಲೀ ಕಾಣಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿ, ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಗಿ, ಆ ನಾಚಿಕೆಯಲ್ಲಿ ಕೈ ತಪ್ಪಿ ಗದ್ದದ ಕೆಳಗೆ ಕೊಯ್ದುಕೊಂಡಿದ್ದ. ಈಗ ಡಬ್ಬಿಯಲ್ಲಿದ್ದವರೆಲ್ಲ ಆ ಕೊಯ್ದ ಗೆರೆಯನ್ನು ನೋಡಿ, ಮೊನ್ನೆ ಬಿದ್ದ ಏಟಿನ ಫಲ ಇದೇ ಎಂದು ತಿಳಿದು ತೃಪ್ತಿಪಡುತ್ತಿದ್ದರು. ಅದಲ್ಲ, ಇದು ಬ್ಲೇಡಿನದು ಎಂದು ಹೇಳಬಹುದಿತ್ತು. ಹಾಗೆ ಹೇಳಿದರೆ ಏಟಿನದು ಎಲ್ಲಿ ಎಂದು ಕೇಳುತ್ತಿದ್ದರು. ಕೋದಂಡಪ್ಪ ಗದ್ದವನ್ನು ಸ್ವಲ್ಪ ಮೇಲೆತ್ತಿ, ನೋಡುವವರು ನೋಡಿಕೊಳ್ಳಲಿ ಎಂಬಂತೆ ಕುಳಿತ.

ಎದುರಿಗೆ ಬಚ್ಚಪ್ಪ ಕುಳಿತಿದ್ದ. ಕಾಮಸಮುದ್ರದ ಕಡೆಯಿಂದ ವೀಳ್ಯದೆಲೆ ತಂದು ಚಿನ್ನದ ಗಣಿಯ ಲೈನುಗಳಲ್ಲಿ, ಕೂಲಿಗಳ ಸಾಲುಮನೆಗಳಲ್ಲಿ, ಮಾರುವವನು. ದಿನವೂ ಇದೇ ರೈಲು, ಇದೇ ಡಬ್ಬಿ. ಎಲೆಬುಟ್ಟಿಯನ್ನು ಮಂಡಿಗಳ ನಡುವೆ ಇಟ್ಟುಕೊಂಡು, ಮುಂದಕ್ಕೆ ಬಾಗಿ, ಕಾಯಿಲೆಯವರನ್ನು ವಿಚಾರಿಸುವ ದನಿಯಲ್ಲಿ ಕೇಳಿದ:

“ಸಲಾಕೆ ಅಂದ್ರಲ್ಲ ಸಾಮಿ, ಕೈಯೇನಾ?”

“ಕೈ.”

“ಒಂದೇ ಏಟಾ?”

“ಒಂದೇ.”

ಬಚ್ಚಪ್ಪ ಎಲೆಗಳ ಮೇಲೆ ನೀರು ಚಿಮುಕಿಸಿದ. ನಿನ್ನೆಯೆಲ್ಲ ಅವನು ಮನೆಮನೆಯ ಬಾಗಿಲಲ್ಲಿ ಸಲಾಕೆಯ ಕಥೆ ಹೇಳಿ ಎಲೆ ಮಾರಿದ್ದನೆಂದು ಕೋದಂಡಪ್ಪನಿಗೆ ಗೊತ್ತಾಯಿತು. “ಓಗ್ಲಿ ಬಿಡಿ,” ಎಂದ ಬಚ್ಚಪ್ಪ ಕೊನೆಗೆ, ಸಮಾಧಾನ ಮಾಡುವಂತೆ, “ಕೈಯಾದ್ರೂ ಮರದ ಕೆಲ್ಸದೋನ ಕೈ.”

ಏಟಿಗಿಂತ ಏಟಿನ ನಂತರದ್ದು ಕೋದಂಡಪ್ಪನನ್ನು ಬಾಧಿಸುತ್ತಿತ್ತು. ಬೆಂಗಳೂರಿನ ಹಾಸ್ಟೆಲಿನಲ್ಲಿ, ಸೊಳ್ಳೆಪರದೆಯೊಳಗೆ ಮೇಣದಬತ್ತಿ ಹಚ್ಚಿಕೊಂಡು, ಯಾವುದೋ ಹಿಮದ ದೇಶದ ಕಾದಂಬರಿಗಳನ್ನು ಓದಿದ್ದ. ಅವುಗಳಲ್ಲಿ ಅವಮಾನವಾದವನು ರಾತ್ರಿಯಿಡೀ ಸೇತುವೆಗಳ ಮೇಲೆ ನಡೆದು, ಜ್ವರ ಬಂದು ಮಲಗಿ, ಎದ್ದಾಗ ಬೇರೆಯೇ ಮನುಷ್ಯನಾಗಿರುತ್ತಿದ್ದ. ತನ್ನ ಬಾಳಿನಲ್ಲೂ ಅಂಥದ್ದೊಂದು ಬಂದಾಗ ಒಳಗೆ ಏನೋ ತೆರೆದುಕೊಳ್ಳುತ್ತದೆ ಎಂದು ಅವನು ನಂಬಿದ್ದ, ಕಾದಿದ್ದ ಕೂಡ. ಬಂತು. ಆ ರಾತ್ರಿ ಅವನು ಎಂದಿನಂತೆ ಮುದ್ದೆ ಉಂಡು, ಅವರೆಕಾಳಿನ ಸಾರು ಇನ್ನೊಮ್ಮೆ ಹಾಕಿಸಿಕೊಂಡು, ಗೊರಕೆ ಹೊಡೆದು ಮಲಗಿದ್ದ. ಬೆಳಿಗ್ಗೆ ಎದ್ದವನು ಅದೇ ಕೋದಂಡಪ್ಪ. ನಡೆಯೋಣವೆಂದರೆ ಬಂಗಾರಪೇಟೆಯಲ್ಲಿ ಸೇತುವೆ ಎಂದರೆ ರೈಲ್ವೆಯ ಮೇಲುಸೇತುವೆಯೊಂದೇ. ಅದರ ಮೇಲೆ ನಿಂತರೆ ಗುರುತಿನವರು ಮಾತಾಡಿಸಿ ಮೂಲವ್ಯಾಧಿಗೆ ಔಷಧಿ ಕೇಳುತ್ತಾರೆ.

ಮೊನ್ನೆ ಮಧ್ಯಾಹ್ನ ಮುನಿನಾರಾಯಣಮ್ಮ ಎಂಬ ಮುದುಕಿಯನ್ನು ಉಬ್ಬಸ ಹೆಚ್ಚಾಗಿ ಆಸ್ಪತ್ರೆಯ ಕ್ಯಾಶುವಾಲ್ಟಿ ವಾರ್ಡಿಗೆ ಹೊತ್ತು ತಂದಿದ್ದರು. ಮಗ ಸೊಣ್ಣಪ್ಪ ಗಣಿಯೊಳಗೆ ಮರದ ಆಸರೆ ನಿಲ್ಲಿಸುವವನು. ಭೂಮಿ ಜನರ ತಲೆಯ ಮೇಲೆ ಕುಸಿಯದಂತೆ ನೋಡಿಕೊಳ್ಳುವುದು ಅವನ ಕೆಲಸ. ಇಂಜೆಕ್ಷನ್ ಕೊಟ್ಟ ಮೇಲೆ ಮುದುಕಿಯ ಉಸಿರು ಸರಾಗವಾಯಿತು, ಕಣ್ಣು ಎಳೆಯತೊಡಗಿತು. ಪರದೆಯ ಆಚೆ ನಿಂತಿರುವ ಮಗನಿಗೆ ಇದನ್ನು ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಕೋದಂಡಪ್ಪನಿಗೆ ಹೊಳೆದಿತ್ತು, ಟೀ ಕುಡಿದು ಹೇಳೋಣ ಎಂದುಕೊಂಡಿದ್ದ. ಟೀ ಬಿಸಿಯಾಗಿತ್ತು. ಮುದುಕಿ ನೊಣದ ಕಾಟಕ್ಕೆ, ಮನೆಯಲ್ಲಿ ಮಾಡುವಂತೆಯೇ, ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಕಾಲು ಚಾಚಿದಳು. ಕಾದು ಕಾದು ಪರದೆ ಸರಿಸಿದ ಸೊಣ್ಣಪ್ಪನಿಗೆ ಕಂಡದ್ದು ಮುಖ ಮುಚ್ಚಿ ಮಲಗಿಸಿದ್ದ ತಾಯಿ, ಅವಳ ಪಕ್ಕದಲ್ಲಿ ಟೀ ಊದಿಕೊಳ್ಳುತ್ತಿದ್ದ ಡಾಕ್ಟರು. ಅಡ್ಡ ಬಂದ ಸಿಸ್ಟರ್ ಕನಕಮ್ಮನನ್ನು ಅವನು ಗೋಡೆಗೆ ತಳ್ಳಿದ, ಆಮೇಲೆ ಡಾಕ್ಟರಿಗೆ ಹೊಡೆದ. ಕನ್ನಡಕ ಹಾರಿ ಸ್ಪಿರಿಟ್ಟಿನ ಬಟ್ಟಲಿಗೆ ಬಿತ್ತು. ಸದ್ದಿಗೆ ಮುದುಕಿ ಸೆರಗು ತೆಗೆದು, ಎದ್ದು ಕೂತು, “ಯಾರ್ಗ್ಲಾ ಒಡ್ದೆ?” ಎಂದಳು. ಎಲ್ಲರೂ ಕಲ್ಲಾದರು. ಆ ಮೌನದಲ್ಲಿ ಕೋದಂಡಪ್ಪ ಕನ್ನಡಕ ಎತ್ತಿ, ಒರೆಸಿ, ಹಾಕಿಕೊಂಡು, ಎದುರಿಗಿದ್ದ ಮನುಷ್ಯಾಕಾರದ ಕಡೆ ತಿರುಗಿ, ಬರಿಯ ಅಭ್ಯಾಸಬಲದಿಂದ, “ಎಲ್ಲಿ ನೋವು?” ಎಂದು ಕೇಳಿಬಿಟ್ಟ. ಮೊದಲು ನಕ್ಕಿದ್ದು ಕಾಲು ಮುರಿದುಕೊಂಡು ಮಲಗಿದ್ದವನು. ಆಮೇಲೆ ವಾರ್ಡಿಗೆ ವಾರ್ಡೇ ನಕ್ಕಿತು. ಮುನಿನಾರಾಯಣಮ್ಮ ನಕ್ಕೂ ನಕ್ಕೂ ಮತ್ತೆ ಉಬ್ಬಸ ಬರಿಸಿಕೊಂಡಳು.

ಉರಿಗಾಂನಲ್ಲಿ ಇಳಿದಾಗ ಗಣಿಯ ಬೂದುಬಣ್ಣದ ಮರಳುದಿಬ್ಬಗಳ ಮೇಲಿನಿಂದ ಗಾಳಿ ಏಳುತ್ತಿತ್ತು. ಸಣ್ಣ ಧೂಳು ಹಲ್ಲಿನ ಸಂದಿಗೆ ಸೇರಿತು. ಇವತ್ತು ಸಂಜೆ ಗಣಿಯ ಲೇಬರ್ ಆಫೀಸರು ಆಸ್ಪತ್ರೆಗೆ ಬರುವವರಿದ್ದರು. ಕೋದಂಡಪ್ಪ ಬೆರಳು ತೋರಿಸಿ ‘ಇವನೇ’ ಎಂದರೆ ಸಾಕು, ಸೊಣ್ಣಪ್ಪನ ಕೆಲಸ ಹೋಗುತ್ತದೆ, ಕೆಲಸದ ಜೊತೆಗೆ ಲೈನಿನ ಮನೆಯೂ ಹೋಗುತ್ತದೆ. ಹೀಗೆಂದು ಏರ್ಪಾಟು ಮಾಡಿದ್ದವರು ದೊಡ್ಡ ಡಾಕ್ಟರು. ನೀನು ಬೆರಳು ತೋರಿಸುತ್ತೀ ತಾನೇ ಎಂದು ಅವರು ನಿನ್ನೆ ಕೇಳಿದಾಗ ಕೋದಂಡಪ್ಪ ತಲೆಯಾಡಿಸಿದ್ದ. ಅದು ಹೂಂ ಎನ್ನುವ ತಲೆಯಾಡಿಸುವಿಕೆಯೋ, ಕೇಳಿಸಿತು ಎನ್ನುವುದೋ, ಅವನಿಗೇ ಈಗ ಖಚಿತವಿರಲಿಲ್ಲ. ಮುದುಕಿ ತನ್ನ ಉಬ್ಬಸವನ್ನು ಕಟ್ಟಿಕೊಂಡು ಯಾವ ಮರದಡಿ ಹೋಗುತ್ತಾಳೆ? ಹಾಗೆಂದು ಸುಮ್ಮನಿದ್ದರೆ, ನಾಳೆ ಇನ್ನೊಬ್ಬ ಬಂದು ಬಲಗೆನ್ನೆಯನ್ನು ವಿಚಾರಿಸುತ್ತಾನೆ. ಎರಡೂ ಸರಿ ಎಂದು ತೋರಿತು. ಆಸ್ಪತ್ರೆಯ ಗೇಟಿನವರೆಗೂ ಎರಡೂ ಸರಿಯಾಗಿಯೇ ಇದ್ದವು.

ಕ್ಯಾಶುವಾಲ್ಟಿಯ ಬಾಗಿಲಲ್ಲಿ ಕಾಲಿಟ್ಟವನು ಹಿಂದಕ್ಕೆ ಸರಿದ. ರಾತ್ರೋರಾತ್ರಿ ಅವನ ಮೇಜಿನ ಸುತ್ತ ನೆಲದಿಂದ ಸೂರಿನವರೆಗೆ ಕಬ್ಬಿಣದ ಜಾಲರಿ ಎದ್ದಿತ್ತು. ದೊಡ್ಡ ಡಾಕ್ಟರು ಅದರ ಪಕ್ಕದಲ್ಲಿ, ಮಗಳ ಮದುವೆ ಮಾಡಿ ಮುಗಿಸಿದವರಂತೆ ನಿಂತಿದ್ದರು. ನನ್ನ ಡಾಕ್ಟರ ಕೆನ್ನೆ ಅಂದರೆ ಆಸ್ಪತ್ರೆಯ ಕೆನ್ನೆ, ಇನ್ನು ಅದನ್ನು ಯಾರೂ ಮುಟ್ಟುವಂತಿಲ್ಲ ಎಂದರು. ಮುಂದೆ, ಕುರ್ಚಿಯಲ್ಲಿ ಕುಳಿತವನ ಎದೆಯ ಮಟ್ಟಕ್ಕೆ, ಒಂದು ಚೌಕ ಕಿಂಡಿ. ರೋಗಿಗಳು ಅದರಲ್ಲಿ ತೋಳು ತೂರಿಸಿದರೆ ನಾಡಿ ನೋಡಬಹುದು, ಸೂಜಿ ಚುಚ್ಚಬಹುದು. ಪಕ್ಕದಲ್ಲಿ ಒಂದು ಬಾಗಿಲು, ಅದಕ್ಕೆ ಹೊರಗಿನಿಂದ ಬೀಗ. ಕೋದಂಡಪ್ಪನನ್ನು ಒಳಗೆ ಕೂರಿಸಿ, ಬೀಗ ಹಾಕಿ, ಕೀಲಿಯನ್ನು ಕಾವಲುಗಾರ ಕುಪ್ಪುಸ್ವಾಮಿಯ ಕೈಗೆ ಕೊಟ್ಟು, ಯಾರು ಕೇಳಿದರೂ ತೆರೆಯಬೇಡ ಎಂದು ಅಪ್ಪಣೆ ಮಾಡಿ, ದೊಡ್ಡ ಡಾಕ್ಟರು ಯಾವುದೋ ಮೀಟಿಂಗಿಗೆಂದು ಕೋಲಾರಕ್ಕೆ ಹೊರಟುಹೋದರು. ಕಾಲು ಗಂಟೆಯ ಮೇಲೆ ಕೋದಂಡಪ್ಪನಿಗೆ ಮೂತ್ರಕ್ಕೆ ಹೋಗಬೇಕೆನಿಸಿತು.

“ಯಾರು ಕೇಳಿದ್ರೂ ತೆಗೀಕೂಡಾದು ಅಂತ ಪೆರಿಯ ಡಾಕ್ಟರ್ ಹೇಳಿಟ್ಟು ಹೋಗಿದಾರೆ ಸಾರ್,” ಎಂದ ಕುಪ್ಪುಸ್ವಾಮಿ, ತನ್ನ ತಮಿಳು ಬೆರೆತ ಕನ್ನಡದಲ್ಲಿ.

“ಯಾರು ಅಂದರೆ ಹೊರಗಿನವರು, ಕುಪ್ಪುಸ್ವಾಮಿ.”

“ಹೊರಗಿನವರು ಯಾಕೆ ಸಾರ್ ಕೇಳ್ತಾರೆ? ಬೀಗ ಹಾಕಿದ್ರೆ ಒಳಗಿರೋರೇ ಅಲ್ವಾ ಕೇಳೋದು?”

ಕುಪ್ಪುಸ್ವಾಮಿ ಕೆಟ್ಟವನಲ್ಲ, ಕಿಂಡಿಯ ಮೂಲಕ ಒಂದು ಖಾಲಿ ಬಾಟಲಿ ಒಳಗೆ ಕೊಟ್ಟು ಮುಖ ಆಚೆ ತಿರುಗಿಸಿ ನಿಂತ.

ಆ ಜಾಲರಿ ಗಣಿಯ ಕಮ್ಮಾರಸಾಲೆಯಿಂದ ಬಂದದ್ದು, ಜನರನ್ನು ಪಾತಾಳಕ್ಕೆ ಇಳಿಸಿ ಹತ್ತಿಸುತ್ತಿದ್ದ ಹಳೆಯ ಕೇಜಿನದು. ಇದು ಕೋದಂಡಪ್ಪನಿಗೆ ತಿಳಿದದ್ದು ಮೊದಲ ರೋಗಿ ಬಂದಾಗ. ಬೆರಳು ಜಜ್ಜಿಸಿಕೊಂಡಿದ್ದ ಆ ಕೂಲಿಯವನು ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಹತ್ತಿರ ಬಂದು, ಜಾಲರಿಯನ್ನು ನೋಡಿ, ಗಾಯವಿಲ್ಲದ ಕೈಯಿಂದ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಗಣಿಗೆ ಇಳಿಯುವ ಮೊದಲು ಎಲ್ಲರೂ ಕೇಜಿಗೆ ಹಾಗೆ ಮಾಡುವುದು ಪದ್ಧತಿ. ಇಳಿಸಿದ್ದು ಮತ್ತೆ ಹತ್ತಿಸಲಿ ಎಂದು. ಅವನ ಹಿಂದೆ ಬಂದವನೂ ಮುಟ್ಟಿ ಕಣ್ಣಿಗೊತ್ತಿಕೊಂಡ. ಕೂಸು ಎತ್ತಿಕೊಂಡು ಬಂದ ಹೆಂಗಸು ಕೂಸಿನ ಹಣೆಯನ್ನು ಜಾಲರಿಗೆ ತಾಗಿಸಿದಳು. ಹೊತ್ತೇರುವುದರೊಳಗೆ ಕಿಂಡಿಯ ಅಂಚಿನಲ್ಲಿ ಒಂದು ನಿಂಬೆಹಣ್ಣು ಬಂದು ಕುಳಿತಿತ್ತು, ಬೀಗದ ಮೇಲೆ ಕುಂಕುಮ ಹತ್ತಿತ್ತು. ತಾನು ಒಳಗೆ ಕುಳಿತ ಅಪರಾಧಿಯೋ, ದೇವರೋ, ಅಥವಾ ಪಾತಾಳಕ್ಕೆ ಹೊರಟ ಸರಕೋ ಎಂದು ಕೋದಂಡಪ್ಪ ಯೋಚಿಸಿದ. ನಮಸ್ಕಾರ ಮಾಡಿಸಿಕೊಂಡು ನಾಲಿಗೆ ಚಾಚು ಎನ್ನುವುದು ಕಷ್ಟ. ಚಾಚಿದರೂ ಜಾಲರಿಯ ಚೌಕಗಳ ನಡುವೆ ಅದು ಕಾಲುಭಾಗ ಕಾಣುತ್ತದೆ. ಒಂದು ವಿಷಯ ಮಾತ್ರ ಅವನು ತನ್ನಿಂದಲೂ ಮುಚ್ಚಿಡಲಾರದೆ ಹೋದ: ಒಳಗೆ ಕುಳಿತುಕೊಳ್ಳುವುದು ಹಿತವಾಗಿತ್ತು. ಯಾರಾದರೂ ಕೈ ಎತ್ತಿದರೆ ಅವನ ಭುಜಗಳು ಕಿವಿಯವರೆಗೆ ಏರುತ್ತಿದ್ದದ್ದು ನಿಂತಿತ್ತು.

ಜಾಲರಿಯ ಆಚೆ ಕನಕಮ್ಮ ಓಡಾಡುತ್ತಿದ್ದಳು. ಮಂಚಗಳು ಆಚೆ, ಪರದೆಗಳು ಆಚೆ, ಅಳುವವರು, ರಕ್ತ, ಕೀವು, ಬೈಗುಳ ಎಲ್ಲವೂ ಆಚೆ. ಈಚೆ ಅವನು, ಮೇಜು, ಬಾಟಲಿ. ಅವಳು ಇಲ್ಲಿಗೆ ಬಂದಾಗ ಅವನಿನ್ನೂ ಕಾಲೇಜು ಮೆಟ್ಟಿಲು ಹತ್ತಿರಲಿಲ್ಲ. ಒಮ್ಮೆ ಔಷಧಿಯ ತಟ್ಟೆ ಹಿಡಿದು ಹೋಗುತ್ತಿದ್ದವಳು ಕಿಂಡಿಯ ಮುಂದೆ ನಿಂತಳು.

“ಜಾಲರಿ ಚೆನ್ನಾಗಿದೆ ಡಾಕ್ಟ್ರೇ,” ಎಂದಳು. “ನಿಮ್ಮನ್ನ ಮುಟ್ಟಕ್ಕಾಗದ ಕೈ ಇನ್ನು ಯಾರನ್ನ ಮುಟ್ಟುತ್ತೆ ಅಂತ ದೊಡ್ಡವರು ಏನಾದ್ರೂ ಹೇಳಿದ್ರಾ?”

ಅವನು ಬಾಯಿ ತೆರೆಯುವುದರೊಳಗೆ ಅವಳು ಹೋಗಿದ್ದಳು. ಮೊನ್ನೆ ಸೊಣ್ಣಪ್ಪ ಅವಳನ್ನು ಗೋಡೆಗೆ ತಳ್ಳಿದಾಗ ಅವಳ ಮೊಣಕೈ ತಗುಲಿ ಸುಣ್ಣ ಉದುರಿತ್ತು. ಆ ಸುಣ್ಣದ ಗುರುತು ಗೋಡೆಯ ಮೇಲೆ ಈಗಲೂ ಇತ್ತು, ತನ್ನ ಕೆನ್ನೆಯ ಮೇಲೆ ಮಾತ್ರ ಏನೂ ಇರಲಿಲ್ಲ. ಅವಳ ಮೊಣಕೈ ಏನಾಯಿತೆಂದು ಅವನು ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ರೈಲಿನಲ್ಲಿ ಅಷ್ಟು ಜನ ಏಟಿನ ಮಾತಾಡಿದ್ದರು, ಯಾರ ಕಥೆಯಲ್ಲೂ ಅವಳು ಬಂದಿರಲಿಲ್ಲ. ತಾನು ಹೇಳಿದ ಕಥೆಯಲ್ಲಿ? ಮನೆಯಲ್ಲಿ ಅಮ್ಮನಿಗೆ ಹೇಳಿದಾಗ ‘ಸಿಸ್ಟರು ಅಡ್ಡ ಬಂದರು’ ಎಂದು ಹೇಳಿದ್ದನೇ? ಇಲ್ಲ. ಹೇಳಿದ್ದರೆ, ಹೆಂಗಸು ಅಡ್ಡ ಬಂದಾಗ ನೀನೇನು ಮಾಡುತ್ತಿದ್ದೆ ಎಂದು ಅಮ್ಮ ಕೇಳುತ್ತಿದ್ದಳು. ಟೀ ಊದುತ್ತಿದ್ದೆ. ಕೋದಂಡಪ್ಪ ನಿಂಬೆಹಣ್ಣನ್ನು ಕೈಗೆ ತೆಗೆದುಕೊಂಡು ಸುಮ್ಮನೆ ಹೊರಳಿಸಿದ.

ಮಧ್ಯಾಹ್ನದ ಪಾಳಿ ಬದಲಾಗುವ ಕೂಗು ಗಣಿಯಿಂದ ಕೇಳಿಸಿ ಸ್ವಲ್ಪ ಹೊತ್ತಾಗಿತ್ತು. ಕ್ಯಾಶುವಾಲ್ಟಿಯ ಬಾಗಿಲಲ್ಲಿ ಮೂವರು ಕಾಣಿಸಿಕೊಂಡರು. ಮುಂದೆ, ರುಮಾಲು ಸುತ್ತಿ, ಎಲೆ ಅಡಿಕೆ ತೆಂಗಿನಕಾಯಿಯ ತಟ್ಟೆ ಹಿಡಿದು, ಲೈನಿನ ಯಜಮಾನ ಆಂಜಿನಪ್ಪ; ಅವನು ಗಣಿಯಲ್ಲಿ ಮೇಸ್ತ್ರಿಯೂ ಹೌದು. ಅವನ ಹಿಂದೆ ಮುನಿನಾರಾಯಣಮ್ಮ. ಅವಳ ಹಿಂದೆ, ಮದುವೆಗಂಡಿನ ಹಾಗೆ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಒಗೆದ ಅಂಗಿ ತೊಟ್ಟು, ಸೊಣ್ಣಪ್ಪ. ಕೋದಂಡಪ್ಪನ ಭುಜಗಳು ಏರಿ, ಜಾಲರಿ ನೆನಪಾಗಿ ಇಳಿದವು. ಮೂವರೂ ಜಾಲರಿ ಮುಟ್ಟಿ ಕಣ್ಣಿಗೊತ್ತಿಕೊಂಡರು.

ಆಂಜಿನಪ್ಪ ನಿಧಾನವಾಗಿ, ಮಗುವಿಗೆ ಹೇಳುವಂತೆ ವಿವರಿಸಿದ. ತಮ್ಮ ಲೈನಿನಲ್ಲಿ ಬಿದ್ದ ಏಟನ್ನು ಹಾಗೇ ಬಿಡುವ ವಾಡಿಕೆಯಿಲ್ಲ. ಎಲ್ಲಿ ಬಿತ್ತೋ ಅಲ್ಲೇ, ಯಾರ ಕಣ್ಣೆದುರಿಗೆ ಬಿತ್ತೋ ಅವರ ಕಣ್ಣೆದುರಿಗೇ, ತಿಂದವನು ಹೊಡೆದವನಿಗೆ ತಿರುಗಿ ಒಂದು ಕೊಡಬೇಕು. ಅಲ್ಲಿಯವರೆಗೆ ಹೊಡೆದವನು ಮನೆಯೊಳಗೆ ಉಣ್ಣುವ ಹಾಗಿಲ್ಲ. ಸೊಣ್ಣಪ್ಪ ಮೊನ್ನೆಯಿಂದ ಜಗುಲಿಯ ಮೇಲೆ ಕೂತು ಉಣ್ಣುತ್ತಿದ್ದಾನೆ, ನಾಯಿಗಳಿಗೆ ಅವನ ಮೇಲೆ ಸಲಿಗೆ ಬಂದುಬಿಟ್ಟಿದೆ. ಕೊಟ್ಟು ತೆಗೆದುಕೊಂಡ ಮೇಲೆ ಇಬ್ಬರೂ ಎಲೆ ಅಡಿಕೆ ಹಾಕಿಕೊಂಡರೆ ಮುಗಿಯಿತು. ಮುಗಿದ ಜಗಳಕ್ಕೆ ಲೇಬರ್ ಆಫೀಸರೂ ಕೈ ಹಾಕುವುದಿಲ್ಲ, ಅದು ಅವರೂ ಒಪ್ಪಿಕೊಂಡು ಬಂದಿರುವ ಕ್ರಮ. ಆದ್ದರಿಂದ ಅವರು ಬರುವ ಮೊದಲೇ ಆಗಬೇಕು.

“ತೀರ್ಸಿಬುಡಿ ಸಾಮಿ,” ಎಂದ ಆಂಜಿನಪ್ಪ. “ಒಂದೇ ಒಂದು. ಇವನ ಕೂಳು ಉಳೀತದೆ.”

“ನಾನು ಯಾರಿಗೂ ಹೊಡೆದವನಲ್ಲ,” ಎಂದ ಕೋದಂಡಪ್ಪ.

“ಅದ್ಕೇ ಕಷ್ಟ ಆಗಾದು,” ಎಂದಳು ಮುನಿನಾರಾಯಣಮ್ಮ, ಅವನ ಬಗ್ಗೆ ನಿಜವಾದ ಮರುಕದಿಂದ. “ಇವನು ಸಣ್ಣೋನಾಗಿದ್ದಾಗ ನಾನು ಒಡೀದೆ ಬಿಟ್ಟಿದ್ದು, ನೀವು ಅನುಬವಿಸ್ತಿದೀರಿ. ಜೋರಾಗೇ ಒಡೀರಿ ಸಾಮಿ. ಮೆತ್ತಗೆ ಒಡದ್ರೆ ಯಜಮಾನ್ರು ಒಪ್ಪಾಕಿಲ್ಲ.”

ಕೋದಂಡಪ್ಪ ತನ್ನ ಬಲ ಅಂಗೈಯನ್ನು ಬಿಡಿಸಿ ನೋಡಿಕೊಂಡ. ಸ್ಪಿರಿಟ್ಟಿನಲ್ಲಿ ತೊಳೆದು ತೊಳೆದು ಅದು ಒಣಗಿದ ಬಾಳೆಲೆಯಂತಾಗಿತ್ತು. ಚಿಕ್ಕಂದಿನಲ್ಲಿ ರಾಗಿ ಪೈರಿಗೆ ನುಗ್ಗಿದ ಮೇಕೆಗೆ ಹೊಡೆಯಲು ಕಲ್ಲೆತ್ತಿ, ಅದು ತಿರುಗಿ ನೋಡಿದ್ದಕ್ಕೆ ಕೆಳಗೆ ಹಾಕಿ ಬೈಸಿಕೊಂಡಿದ್ದ. ಈಗ ಕರುಣೆಯಿದ್ದರೆ ಹೊಡೆಯಬೇಕು. ಹೊಡೆಯದಿದ್ದರೆ ಒಂದು ಸಂಸಾರ ಬೀದಿಗೆ ಬರುತ್ತದೆ. ಹಿಮದ ದೇಶದ ಯಾವ ಕಾದಂಬರಿಯವನಿಗೂ ಇಂಥ ಪೇಚು ಬಂದಿರಲಿಲ್ಲ. ಅವನು ಎದ್ದು ನಿಂತು, ಕನ್ನಡಕ ಸರಿಮಾಡಿಕೊಂಡು, ಗಂಭೀರವಾಗಿ, ಬಾಗಿಲು ತೆಗೆ ಎಂದು ಕುಪ್ಪುಸ್ವಾಮಿಗೆ ಹೇಳಿದ. ಕುಪ್ಪುಸ್ವಾಮಿ ಕೀಲಿಯನ್ನು ಅಂಗಿಯ ಒಳಜೇಬಿಗೆ ಇಳಿಸಿ, ಅದರ ಮೇಲೆ ಕೈಯಿಟ್ಟುಕೊಂಡ.

ಆದ್ದರಿಂದ ಕಿಂಡಿಯ ಮೂಲಕವೇ ಆಗಬೇಕಾಯಿತು. ಕೋದಂಡಪ್ಪ ಕಿಂಡಿಯಲ್ಲಿ ತೋಳು ತೂರಿಸಿ ಬೀಸಿದ. ಮೊಣಕೈಯವರೆಗೆ ಮಾತ್ರ ಹೊರಗೆ ಹೋದ ಕೈ ಸೊಣ್ಣಪ್ಪನ ಅಂಗಿಯ ಗುಂಡಿಗೆ ತಾಗಿತು. ಸೊಣ್ಣಪ್ಪ ಮಂಡಿಯೂರಿದ, ಈಗ ಏಟಿನ ರುಚಿ ನೋಡದ ಅವನ ಕೆನ್ನೆ ಸರಿಯಾದ ಎತ್ತರಕ್ಕೆ ಬಂದರೂ ತೋಳಿಗೆ ಬೀಸಲು ಜಾಗವಿರಲಿಲ್ಲ, ಕೆನ್ನೆ ಸವರಿದಂತಾಯಿತು. ಆಂಜಿನಪ್ಪ ಪಕ್ಕದಿಂದ ಬಾಗಿ ನೋಡಿ, ಇದು ಲೆಕ್ಕಕ್ಕಿಲ್ಲ ಎಂದ. ಮಂಚಗಳ ಮೇಲಿದ್ದವರು ಎದ್ದು ಕೂತು ಸಲಹೆ ಕೊಡತೊಡಗಿದರು. ಕಾಲು ಮುರಿದವನು, ತಲೆ ಒಳಗೆ ಕೊಟ್ಟರೆ ಡಾಕ್ಟರ ಕೈ ಆಡುತ್ತದೆ ಎಂದ. ಸೊಣ್ಣಪ್ಪ ಎದ್ದು, ಬಾಗಿ, ಕೆಲಸದವನ ಕಣ್ಣಿನಿಂದ ಚೌಕವನ್ನು ಅಳೆದು, ತಲೆಯನ್ನು ಓರೆ ಮಾಡಿ ಕಿಂಡಿಯೊಳಗೆ ತೂರಿಸಿದ. ಎಣ್ಣೆ ಹಚ್ಚಿದ್ದರಿಂದ ಸಲೀಸಾಗಿ ಹೋಯಿತು. ಕಿವಿಗಳು ಮಡಿಸಿಕೊಂಡು ದಾಟಿ, ಒಳಗೆ ಬಂದು, ಬಿಚ್ಚಿಕೊಂಡವು.

ಕೋದಂಡಪ್ಪ ಆ ಮುಖವನ್ನು ಮೊದಲ ಸಲ ನೋಡಿದ. ಮೊನ್ನೆ ಕಂಡಿದ್ದು ಕೈ ಮಾತ್ರ. ರೆಪ್ಪೆಗಳ ಬುಡದಲ್ಲಿ ತೊಳೆದರೂ ಹೋಗದ ಕಲ್ಲಿನ ಹಿಟ್ಟು, ಬೀಡಿಯ ವಾಸನೆ, ಇಂಜೆಕ್ಷನ್ನಿಗೆ ಹೆದರುವವರಂತೆ ಬಿಗಿಯಾಗಿ ಮುಚ್ಚಿದ ಕಣ್ಣು. ತನಗಿಂತ ಚಿಕ್ಕವನು.

“ಒಡೀರಿ ಸಾಮಿ,” ಎಂದಿತು ಮುಖ. “ಬೇಗ ಒಡೀರಿ, ಸೊಂಟ ಇಡ್ಕತದೆ.”

ಕೋದಂಡಪ್ಪ ಕೈ ಎತ್ತಿದ. ಇಡೀ ಕ್ಯಾಶುವಾಲ್ಟಿ ಉಸಿರು ಹಿಡಿದಿತ್ತು, ಮುನಿನಾರಾಯಣಮ್ಮನ ಉಬ್ಬಸವೂ ನಿಂತಂತಿತ್ತು. ಎತ್ತಿದ ಕೈ ಇಳಿಯಿತು. ಇಳಿದದ್ದು ಸೊಣ್ಣಪ್ಪನ ಕೆಳರೆಪ್ಪೆಯ ಮೇಲೆ. ಹೆಬ್ಬೆರಳು ರೆಪ್ಪೆಯನ್ನು ತಾನಾಗಿ ಕೆಳಗೆಳೆದು ನೋಡಿತು. ಬಿಳುಪು.

“ರಕ್ತ ಕಡಿಮೆಯಿದೆ,” ಎಂದ ಕೋದಂಡಪ್ಪ. “ಕೆಲಸಕ್ಕೆ ಹೋಗೋವಾಗ ಏನು ತಿಂತೀಯ?”

“ಈಗ ಅದ್ಯಾಕೆ ಸಾಮಿ,” ಎಂದು ಮುಖ ಗೋಗರೆಯಿತು.

ಅವನು ಮತ್ತೆ ಕೈ ಎತ್ತಿದ. ಈ ಸಲ ಕಣ್ಣು ಮುಚ್ಚಿಕೊಂಡ, ಟೀ ನೆನೆಸಿಕೊಂಡ, ವಾರ್ಡಿನ ನಗೆ ನೆನೆಸಿಕೊಂಡ, ಬಚ್ಚಪ್ಪನ ಸಲಾಕೆ ನೆನೆಸಿಕೊಂಡ. ಛಟೀರ್ ಎಂದು ಸದ್ದಾಯಿತು. ಕಣ್ಣು ಬಿಟ್ಟಾಗ ಸೊಣ್ಣಪ್ಪನ ಕಣ್ಣುಗಳು ಅಗಲವಾಗಿ ತೆರೆದುಕೊಂಡಿದ್ದವು, ಬಾಯಿ ದುಂಡಗಾಗಿತ್ತು. ಕೊನೆಗೂ ಹೊಡೆದೆ, ಎಂದು ಕೋದಂಡಪ್ಪನಿಗೆ ಮೈಯೆಲ್ಲ ಬಿಸಿಯಾಯಿತು. ಯಾವುದೋ ಬಾಗಿಲು ತೆರೆದಂತಾಯಿತು. ಆಮೇಲೆ ತನ್ನ ಕೈ ಇನ್ನೂ ಗಾಳಿಯಲ್ಲೇ ಇರುವುದನ್ನು ಕಂಡ. ಕೈಯನ್ನು ನೋಡಿದ, ಮುಖವನ್ನು ನೋಡಿದ. ಜಾಲರಿಯಾಚೆ, ಬಾಗಿ ನಿಂತಿದ್ದ ಸೊಣ್ಣಪ್ಪನ ಬೆನ್ನ ಹಿಂದೆ, ಕನಕಮ್ಮ ತನ್ನ ಅಂಗೈಯನ್ನು ಸೀರೆಗೆ ಉಜ್ಜಿಕೊಳ್ಳುತ್ತಿದ್ದಳು.

“ಆಯ್ತಲ್ಲ,” ಎಂದ ಆಂಜಿನಪ್ಪ, ತಟ್ಟೆಯಿಂದ ಎಲೆ ಎತ್ತುತ್ತ. “ಸಾಮೇರ ಪರವಾಗಿ ಸಿಸ್ಟರಮ್ಮ ಕೊಟ್ಟಂಗಾಯ್ತು. ಬೆನ್ನಾದ್ರೂ ನಡೀತದೆ.”

“ಅದು ಡಾಕ್ಟರ್ದಲ್ಲ,” ಎಂದಳು ಕನಕಮ್ಮ. “ನಂದು.”

ಆಂಜಿನಪ್ಪನ ಕೈ ಎಲೆಯ ಮೇಲೆಯೇ ನಿಂತಿತು. ಸಿಸ್ಟರಿಗೆ ಏನು ಬಾಕಿಯಿದೆ ಎಂದು ಅವನು ಸುತ್ತ ನೋಡಿದ. ಗೋಡೆಗೆ ತಳ್ಳಿದ್ದು ನಿಜ ಎಂದು ಕಾಲು ಮುರಿದವನು ಸಾಕ್ಷಿ ಹೇಳಿದ. ಹಾಗಾದರೆ ಡಾಕ್ಟರದು ಹಾಗೇ ಉಳಿಯಿತಲ್ಲ ಎಂದು ಇನ್ನೊಂದು ಮಂಚ ಕೇಳಿತು. ಕಿಂಡಿಯೊಳಗಿನ ಮುಖ ನರಳಿತು. ಒಳ್ಳೆಯದು, ಮೊದಲು ತಲೆ ಹೊರಗೆ ತೆಗೆದು ಉಸಿರು ತೆಗೆದುಕೊ ಎಂದು ಮುನಿನಾರಾಯಣಮ್ಮ ಮಗನಿಗೆ ಹೇಳಿದಳು. ಸೊಣ್ಣಪ್ಪ ಹಿಂದೆ ಸರಿದ. ಕಿವಿಗಳು ಅಂಚಿಗೆ ತಗುಲಿ ನಿಂತವು. ಓರೆ ಮಾಡಿದ, ತಗ್ಗಿಸಿದ, ಕುಪ್ಪುಸ್ವಾಮಿ ಸೊಂಟ ಹಿಡಿದು ಎಳೆದ. ಹೋಗುವಾಗ ಮಡಿಸಿಕೊಂಡ ಕಿವಿಗಳು ಬರುವಾಗ ಒಪ್ಪಲಿಲ್ಲ. ಕೋದಂಡಪ್ಪ ವ್ಯಾಸಲೀನಿನ ಡಬ್ಬಿ ತೆಗೆದು, ತನಗೆ ಹೊಡೆದವನ ಕಿವಿಗಳಿಗೆ, ಒಂದರ ನಂತರ ಒಂದು, ಸವರತೊಡಗಿದ. ಹಿಂದೆಂದೂ ಯಾರ ಕಿವಿಗೂ ಅವನು ಇಷ್ಟು ಅಕ್ಕರೆ ತೋರಿಸಿರಲಿಲ್ಲ.

ಲೇಬರ್ ಆಫೀಸರು ಒಳಗೆ ಬಂದದ್ದು ಆಗ. ಬಿಳಿಯ ಷರಾಯಿ, ಕೈಯಲ್ಲಿ ಹ್ಯಾಟು. ಬಂದ ಕೆಲಸ ಮುಗಿಸಿ ಹೋಗುವ ಆತುರ. ಜಾಲರಿಯಲ್ಲಿ ಸಿಕ್ಕಿಕೊಂಡ ಮನುಷ್ಯನ ಹಿಂಭಾಗವನ್ನು ನೋಡಿ, ಸುತ್ತಿ ಬಂದು ಮುಂಭಾಗವನ್ನು ನೋಡಿ, ಏನಿದು ಎಂದು ಕೇಳಬಾರದು ಎಂದು ತೀರ್ಮಾನಿಸಿದವರಂತೆ ಕಂಡರು. ಡಾಕ್ಟರೇ, ನಿಮಗೆ ಹೊಡೆದವನು ಇಲ್ಲಿದ್ದಾನೆಯೇ, ಇದ್ದರೆ ತೋರಿಸಿ, ಉಳಿದದ್ದು ನಮಗೆ ಬಿಡಿ, ಒಬ್ಬನನ್ನು ತೆಗೆದರೆ ಮಿಕ್ಕವರಿಗೆ ಬುದ್ಧಿ ಬರುತ್ತದೆ ಎಂದರು.

ವ್ಯಾಸಲೀನು ಹತ್ತಿದ ಬೆರಳು ಸೊಣ್ಣಪ್ಪನ ಕಿವಿಯ ಪಕ್ಕದಲ್ಲೇ ಇತ್ತು. ತೋರಿಸುವುದಕ್ಕೆ ಅದನ್ನು ನೇರ ಮಾಡಿದರೆ ಸಾಕಿತ್ತು. ಮುಖ ಅವನನ್ನೇ ನೋಡುತ್ತಿತ್ತು. ತೀರಿಹೋಯಿತು ಎಂದು ಹೇಳಿಬಿಡಬಹುದು, ಆಂಜಿನಪ್ಪ ಎಲೆ ಮಡಿಸಿಕೊಂಡು ಕಾದಿದ್ದಾನೆ; ಎಲ್ಲರೂ ಮನೆಗೆ ಹೋಗುತ್ತಾರೆ, ನಾಳೆ ಜಾಲರಿಯೊಳಗೆ ಬೆಚ್ಚಗೆ ಕೂರಬಹುದು. ಕೋದಂಡಪ್ಪ ಗೋಡೆಯ ಮೇಲೆ ಸುಣ್ಣ ಉದುರಿದ ಜಾಗವನ್ನು ನೋಡಿದ.

“ಇವನೇ,” ಎಂದ. ಮುಖ ಕಣ್ಣು ಮುಚ್ಚಿತು. “ಆದರೆ ನಂದು ಆಮೇಲಿಂದು. ನನಗಿಂತ ಮೊದಲು ಸಿಸ್ಟರ್‌ಗೆ ಬಿದ್ದಿದೆ. ಮೊದಲು ಬಿದ್ದದ್ದನ್ನ ಮೊದಲು ಕೇಳಿ.”

ಆಫೀಸರು ಕನಕಮ್ಮನ ಕಡೆ, ಅವಳು ಅಲ್ಲಿದ್ದದ್ದು ಈಗ ಕಂಡವರಂತೆ, ತಿರುಗಿದರು. ಸಿಸ್ಟರ್‌ಗೂ ಇವನೇ ಹೊಡೆದನೇ ಎಂದರು.

“ಇವನು ಮೊನ್ನೆಯೋನು,” ಎಂದಳು ಕನಕಮ್ಮ. “ತಳ್ಳಿದ್ದಕ್ಕೆ ಈಗ ತಾನೇ ಕೊಟ್ಟೆ. ಇವನೊಬ್ಬನ್ನೇ ತೆಗೆಯೋದಾದ್ರೆ ನ್ಯಾಯ ಅಲ್ಲ ಸಾರ್. ತೆಗೆದ್ರೆ ಇಷ್ಟು ವರ್ಷ ನನ್ನ ಮೇಲೆ ಕೈ ಮಾಡಿದ ಎಲ್ಲರನ್ನೂ ತೆಗೀರಿ. ಆಗಲ್ಲ ಅಂದ್ರೆ ಇವನನ್ನೂ ಬಿಡಿ. ಬಿಟ್ಟು, ನನ್ನ ಪಾಳಿಗೆ ಇನ್ನೊಬ್ಬ ಸಿಸ್ಟರನ್ನ ಕೊಡಿಸಿ, ಒಳಗೆ ಏನು ನಡೀತಿದೆ ಅಂತ ಹೊರಗೆ ನಿಂತೋರಿಗೆ ಹೇಳೋಕೆ ಒಬ್ಬರನ್ನ ಇಡಿಸಿ. ಈ ಬೋನು ಯಾತಕ್ಕೂ ಬೇಡ.”

“ಎಲ್ಲರೂ ಅಂದರೆ?” ಎಂದರು ಆಫೀಸರು. “ಯಾರು ಯಾರು?”

ಮಂಚಗಳ ಮೇಲೆ ಎದ್ದು ಕೂತಿದ್ದವರಲ್ಲಿ ಕೆಲವರು ಮಲಗಿದರು. ಒಬ್ಬ ಮುಸುಕು ಹಾಕಿಕೊಂಡ. ಆಂಜಿನಪ್ಪ ತಟ್ಟೆಯನ್ನು ಎತ್ತಿಕೊಂಡು, ಮನೆಯಲ್ಲಿ ಯಾರೋ ಕಾಯುತ್ತಿದ್ದಾರೆಂದು ಯಾರಿಗೋ ಹೇಳುತ್ತ, ಬಾಗಿಲ ಕಡೆ ಸರಿಯತೊಡಗಿದ; ಕುಪ್ಪುಸ್ವಾಮಿ ಬಾಗಿಲನ್ನು ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನಿಂತ.

“ಯಾರು ಕೇಳಿದ್ರೂ ತೆಗೀಕೂಡಾದು ಅಂದಿದಾರೆ ಮೇಸ್ತ್ರಿ,” ಎಂದ.

“ಮೇಸ್ತ್ರಿಗಳು ಎಸೆದಿದ್ದು ಪಿಂಗಾಣಿ ಬೇಸಿನ್ನು,” ಎಂದಳು ಕನಕಮ್ಮ, ದನಿ ಏರಿಸದೆ. “ಆದರೆ ಅವರ ಸರದಿ ಇನ್ನೂ ದೂರ ಇದೆ.”

ಅವಳು ಒಂದು ಸ್ಟೂಲನ್ನು ಎಳೆದುಕೊಂಡು ಕುಳಿತಳು. ಕ್ಯಾಶುವಾಲ್ಟಿಯಲ್ಲಿ ಅವಳು ಕುಳಿತದ್ದನ್ನು ತಾನು ಈವರೆಗೆ ನೋಡಿಯೇ ಇರಲಿಲ್ಲ ಎಂದು ಕೋದಂಡಪ್ಪನಿಗೆ ಆಗ ಹೊಳೆಯಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಆಫೀಸರು ಹ್ಯಾಟನ್ನು ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ತಿರುಗಿಸುತ್ತ ನಿಂತರು, ಆಮೇಲೆ ಖಾಲಿ ಮಂಚದ ಅಂಚಿನಲ್ಲಿ ಕುಳಿತರು. ಇವನ ಕೆಲಸದ ಮಾತು ಸದ್ಯಕ್ಕೆ ಇರಲಿ, ಮೊದಲು ಇದನ್ನು ಕೇಳಿಬಿಡುತ್ತೇನೆ ಎಂದರು.

“ಎಲ್ಲಿಂದ ಶುರು ಮಾಡ್ಲಿ?” ಎಂದಳು ಕನಕಮ್ಮ.

ಕೋದಂಡಪ್ಪನ ಎದುರಿಗೆ, ಕಿಂಡಿಯಲ್ಲಿ, ವ್ಯಾಸಲೀನಿನಿಂದ ಹೊಳೆಯುತ್ತಿದ್ದ ಕೆಂಪು ಕಿವಿಗಳ ನಡುವಿನ ಮುಖ ಒಂದು ಕಣ್ಣು ತೆರೆಯಿತು.

“ಮೊದ್ಲಿಂದ್ಲೇ ಯೋಳಕ್ಕ,” ಎಂದ ಸೊಣ್ಣಪ್ಪ. “ನಾನಂತೂ ಎಲ್ಗೂ ಓಗಂಗಿಲ್ಲ.”